ಎಲ್ಲ ಕ್ಯಾಮೆರಾಗೂ ಒಂದೇ ಭಾಷೆ: ಆನ್‌ವಿಫ್ ಹುಟ್ಟಿದ ಕಥೆ

(1/7)
ಮುಂದಿನ ಸಲ ಅಂಗಡೀಲಿ ಸಿಸಿಟಿವಿ ಕ್ಯಾಮೆರಾ ಕಂಡ್ರೆ ಡಬ್ಬ ತಿರುಗಿಸಿ ನೋಡಿ. ಮೆಗಾಪಿಕ್ಸೆಲ್, ನೈಟ್ ವಿಷನ್ ಎಲ್ಲಾ ದಪ್ಪ ಅಕ್ಷರದಲ್ಲಿ ಇರುತ್ತೆ. ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ‘ಆನ್‌ವಿಫ್’ ಅಂತ ಇರಬಹುದು, ಇಲ್ಲದೆಯೂ ಇರಬಹುದು. ನೀವು ದುಡ್ಡು ಕೊಟ್ಟು ತಂದ ಕ್ಯಾಮೆರಾ ಪೂರ್ತಿ ನಿಮ್ಮದೋ ಅಥವಾ ಅರ್ಧ ಕಂಪನಿಯದೋ ಅನ್ನೋದು ಬಹಳ ಸಲ ಆ ಸಣ್ಣ ಪದದ ಮೇಲೆ ನಿಂತಿರುತ್ತೆ. ಈ ಸರಣಿ ಆ ಪದದ ಇತಿಹಾಸ.

ಮೊದಲು ಒಂದು ವಿಚಿತ್ರ ಸಂಗತಿ. ಹಳೇ ಅನಲಾಗ್ ಕ್ಯಾಮೆರಾಗಳ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ! ನಮ್ಮಲ್ಲಿ ಟಿವಿಗೆ ಇದ್ದ ಪಾಲ್ ಪದ್ಧತಿಯೇ ಕ್ಯಾಮೆರಾಗೂ ಇತ್ತು: ಸೆಕೆಂಡಿಗೆ 25 ಚಿತ್ರ, ಒಂದು ಕೋಆಕ್ಸಿಯಲ್ ಕೇಬಲ್, ತುದಿಯಲ್ಲಿ ತಿರುಗಿಸಿ ಕೂರಿಸುವ ಬಿಎನ್‌ಸಿ ಕನೆಕ್ಟರ್. ಯಾವ ಕಂಪನಿಯ ಕ್ಯಾಮೆರಾನ ಯಾವ ಕಂಪನಿಯ ರೆಕಾರ್ಡರಿಗೆ ಚುಚ್ಚಿದ್ರೂ ಚಿತ್ರ ಬರ್ತಿತ್ತು. ಹೊಂದಾಣಿಕೆ ಕೆಟ್ಟಿದ್ದು ಡಿಜಿಟಲ್ ಆದ್ಮೇಲೆ.

(2/7)
ನೆಟ್‌ವರ್ಕ್ ಮೂಲಕ ಏನನ್ನಾದ್ರೂ ದೂರದಿಂದ ನೋಡೋ ಆಸೆ ಶುರುವಾಗಿದ್ದು ಕಾಫಿಯಿಂದ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ ‘ಟ್ರೋಜನ್ ರೂಮ್’ ಅನ್ನೋ ಕೋಣೆಯ ಹತ್ತಿರ ಒಂದೇ ಕಾಫಿ ಮಷಿನ್. ಮೇಲಿನ ಮಹಡಿಯಿಂದ ಇಳಿದು ಬಂದ್ರೆ ಜಗ್ ಖಾಲಿ. ಅದಕ್ಕೇ 1991ರಲ್ಲಿ ಕ್ವೆಂಟಿನ್ ಸ್ಟ್ಯಾಫರ್ಡ್-ಫ್ರೇಜರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಜಗ್ಗಿಗೆ ಒಂದು ಕ್ಯಾಮೆರಾ ಗುರಿಯಿಟ್ಟು, 128×128 ಅಳತೆಯ ಕಪ್ಪು-ಬಿಳುಪು ಚಿತ್ರ ಎಲ್ಲರ ಕಂಪ್ಯೂಟರಿಗೂ ಬರೋ ಹಾಗೆ ಮಾಡಿದರು. 1993ರಲ್ಲಿ ಅದು ವೆಬ್‌ಗೂ ಬಂತು. ಆದರೆ ಅಲ್ಲಿ ಕ್ಯಾಮೆರಾ ಬೇರೆ, ಅದನ್ನ ಜಗತ್ತಿಗೆ ತೋರಿಸೋ ಕಂಪ್ಯೂಟರ್ ಬೇರೆ.

ಎರಡನ್ನೂ ಒಂದೇ ಡಬ್ಬಕ್ಕೆ ತುಂಬಿದ್ದು ಸ್ವೀಡನ್ನಿನ ಲುಂಡ್ ಊರಿನ ಆಕ್ಸಿಸ್ ಕಂಪನಿ. 1984ರಲ್ಲಿ ಶುರುವಾದ ಈ ಕಂಪನಿಯ ಕಸುಬು ಪ್ರಿಂಟರ್‌ಗಳನ್ನ ನೆಟ್‌ವರ್ಕ್‌ಗೆ ಸೇರಿಸೋದು. ಮಾರ್ಟಿನ್ ಗ್ರೆನ್ ಮತ್ತು ಕಾರ್ಲ್-ಆಕ್ಸೆಲ್ ಆಲ್ಮ್ ರೂಪಿಸಿದ ‘ನೆಟ್‌ಐ 200’ 1996ರಲ್ಲಿ ಹೊರಬಂತು. ಮಾರುಕಟ್ಟೆಗೆ ಬಂದ ಮೊದಲ ನೆಟ್‌ವರ್ಕ್ ಕ್ಯಾಮೆರಾ ಇದೇ. ದೊಡ್ಡ ಗಾತ್ರದ ಒಂದು ಚಿತ್ರ ಕಳಿಸೋಕೆ 17 ಸೆಕೆಂಡ್! ಕಳ್ಳ ಬಂದು ಹೋಗಿ ಆಗಿರ್ತಿತ್ತು. ಆದ್ರೂ ದಾರಿ ತೆರೀತು.

(3/7)
ಆಮೇಲೆ ಎಲ್ಲರೂ ನೆಟ್‌ವರ್ಕ್ ಕ್ಯಾಮೆರಾ ಮಾಡೋಕೆ ಶುರು ಮಾಡಿದರು. ಅಲ್ಲೇ ಎಡವಟ್ಟಾಗಿದ್ದು. ವೈರ್‌ನಲ್ಲಿ ಈಗ ಹೋಗ್ತಿದ್ದದ್ದು ಬರೀ ಚಿತ್ರ ಅಲ್ಲ, ಮಾತುಕತೆ. ‘ನಿನ್ನ ವಿಳಾಸ ಏನು? ಯಾವ ಗಾತ್ರದ ಚಿತ್ರ ಕೊಡ್ತೀಯಾ? ಎಡಕ್ಕೆ ತಿರುಗು. ಯಾರಾದ್ರೂ ಓಡಾಡಿದ್ರೆ ಹೇಳು.’ ಇಷ್ಟನ್ನೂ ಹೇಗೆ ಕೇಳಬೇಕು, ಹೇಗೆ ಉತ್ತರಿಸಬೇಕು ಅಂತ ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಹಾಗಾಗಿ ಪ್ರತಿ ಕಂಪನಿಯೂ ತನ್ನದೇ ಭಾಷೆ ಹುಟ್ಟಿಸಿತು. ಆಕ್ಸಿಸ್‌ನ ಭಾಷೆಗೆ ‘ವ್ಯಾಪಿಕ್ಸ್’ ಅಂತ ಹೆಸರು. ಬೇರೆಯವರಿಗೆ ಬೇರೆಬೇರೆ.

ಇದರ ಭಾರ ಬಿದ್ದಿದ್ದು ರೆಕಾರ್ಡಿಂಗ್ ಸಾಫ್ಟ್‌ವೇರ್ ಬರೆಯೋರ ಮೇಲೆ. ಕೆನಡಾದ ಜೆನೆಟೆಕ್ (1997), ಡೆನ್ಮಾರ್ಕಿನ ಮೈಲ್‌ಸ್ಟೋನ್ (1998) ಥರದ ಕಂಪನಿಗಳು ಒಂದೊಂದು ಬ್ರ್ಯಾಂಡಿಗೂ ಬೇರೆ ಡ್ರೈವರ್ ಬರೀಬೇಕಿತ್ತು. ನಿಮ್ಮ ಕ್ಯಾಮೆರಾದ ಡ್ರೈವರ್ ಇಲ್ಲ ಅಂದ್ರೆ ಕ್ಯಾಮೆರಾ ಇದ್ದೂ ಇಲ್ಲ. ಒಂದು ಆಸ್ಪತ್ರೆ 200 ಕ್ಯಾಮೆರಾ ಹಾಕಿಸಿದೆ ಅಂದ್ಕೊಳ್ಳಿ. ಐದು ವರ್ಷ ಆದ್ಮೇಲೆ ಬೇರೆ ಕಂಪನಿಯ ಒಳ್ಳೇ ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿದರೂ ಹಳೇ ರೆಕಾರ್ಡರ್ ಅದನ್ನ ಹತ್ತಿರ ಸೇರಿಸಲ್ಲ. ಒಂದೋ ಹಳೇ ಕಂಪನಿ ಹೇಳಿದಷ್ಟು ಕೊಡಬೇಕು, ಇಲ್ಲಾ ಎಲ್ಲ ಕಿತ್ತು ಹೊಸದಾಗಿ ಹಾಕಿಸಬೇಕು.

(4/7)
ತಮಾಷೆ ಏನು ಗೊತ್ತಾ? ಅರ್ಧ ಉತ್ತರ 1998ರಲ್ಲೇ ಸಿದ್ಧವಾಗಿತ್ತು, ಅದೂ ಕ್ಯಾಮೆರಾಗೋಸ್ಕರ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಹೆನ್ನಿಂಗ್ ಶುಲ್ಜ್‌ರಿನ್, ನೆಟ್‌ಸ್ಕೇಪಿನ ಅನೂಪ್ ರಾವ್, ರಿಯಲ್‌ನೆಟ್‌ವರ್ಕ್ಸಿನ ರಾಬ್ ಲ್ಯಾನ್‌ಫಿಯರ್ ಸೇರಿ ಬರೆದ ‘ಆರ್‌ಟಿಎಸ್‌ಪಿ’ ಆ ವರ್ಷದ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 2326 ಅನ್ನೋ ಸಂಖ್ಯೆಯಲ್ಲಿ ಪ್ರಕಟವಾಯ್ತು. ಅದೊಂದು ಥರ ನೆಟ್‌ವರ್ಕ್ ಮೇಲಿನ ರಿಮೋಟ್. ‘ಡಿಸ್ಕ್ರೈಬ್’ ಅಂದ್ರೆ ನಿನ್ನ ಹತ್ರ ಏನಿದೆ ಹೇಳು. ‘ಸೆಟಪ್’ ಅಂದ್ರೆ ದಾರಿ ಸಿದ್ಧ ಮಾಡು. ‘ಪ್ಲೇ’, ‘ಪಾಸ್’ ಗೊತ್ತೇ ಇದೆ. ‘ಟೇರ್‌ಡೌನ್’ ಅಂದ್ರೆ ಅಂಗಡಿ ಮುಚ್ಚು. ವಿಡಿಯೋ ಮಾತ್ರ ಆರ್‌ಟಿಪಿ ಅನ್ನೋ ಇನ್ನೊಂದು ವಿಧಾನದಲ್ಲಿ, ಪ್ರತಿ ತುಣುಕಿಗೂ ಕ್ರಮಸಂಖ್ಯೆ ಮತ್ತು ಸಮಯದ ಗುರುತು ಹೊತ್ತು ಬರುತ್ತೆ.

ಇದನ್ನ ಮಾಡಿದ್ದು ಇಂಟರ್‌ನೆಟ್‌ನಲ್ಲಿ ಹಾಡು, ಸಿನಿಮಾ ನೋಡೋಕೆ. ಹಳೇ ನೋಕಿಯಾ ಫೋನುಗಳಲ್ಲಿ ಯೂಟ್ಯೂಬ್ ಓಡ್ತಿದ್ದದ್ದು ಇದರಿಂದಲೇ. ಮುಂದೆ ಮನರಂಜನೆಯ ವಿಡಿಯೋ ಎಲ್ಲಾ ಮಾಮೂಲಿ ವೆಬ್ ದಾರಿಗೆ ಹೋಯ್ತು. ತವರುಮನೆಯಲ್ಲಿ ಕೇಳೋರಿಲ್ಲದ ಆರ್‌ಟಿಎಸ್‌ಪಿ ಕ್ಯಾಮೆರಾಗಳ ಮನೆಯಲ್ಲಿ ಇವತ್ತಿಗೂ ಸಂಸಾರ ಮಾಡ್ತಿದೆ. ಯಾಕಂದ್ರೆ ಕಾವಲು ಕಾಯೋರಿಗೆ ಈಗಿನ ಕ್ಷಣ ಈಗಲೇ ಕಾಣಬೇಕು.

ಆದರೆ ಆರ್‌ಟಿಎಸ್‌ಪಿ ಬಳಸೋಕೆ ಕ್ಯಾಮೆರಾದ ಪೂರ್ತಿ ವಿಳಾಸ ಗೊತ್ತಿರಬೇಕು. ಆ ವಿಳಾಸದ ಬಾಲ ಒಂದೊಂದು ಕಂಪನಿಯದ್ದು ಒಂದೊಂದು ಥರ. ಉತ್ತರ ಅರ್ಧಕ್ಕೇ ನಿಂತಿತು.

(5/7)
ಉಳಿದರ್ಧ ಸಿಕ್ಕಿದ್ದು 2008ರಲ್ಲಿ. ಆಕ್ಸಿಸ್, ಬಾಷ್, ಸೋನಿ. ಮೂವರೂ ಮಾರುಕಟ್ಟೆಯಲ್ಲಿ ಎದುರಾಳಿಗಳು. (ಬಾಷ್ ಅಂದ್ರೆ ಬೆಂಗಳೂರಿನವರಿಗೆ ಆಡುಗೋಡಿಯ ಹಳೇ ಮೈಕೋ!) ಮೂವರೂ ಸೇರಿ ‘ಓಪನ್ ನೆಟ್‌ವರ್ಕ್ ವಿಡಿಯೋ ಇಂಟರ್‌ಫೇಸ್ ಫೋರಂ’ ಕಟ್ಟಿದರು. ಅದರ ಗಿಡ್ಡ ಹೆಸರೇ ಆನ್‌ವಿಫ್.

ಪ್ರತಿಸ್ಪರ್ಧಿಗಳು ಯಾಕೆ ಕೈ ಜೋಡಿಸಿದರು? ಔದಾರ್ಯ ಅಂತ ತಿಳೀಬೇಡಿ. ಆಗಿನ್ನೂ ಬಹುಪಾಲು ಗಿರಾಕಿಗಳು ಅನಲಾಗ್‌ನಲ್ಲೇ ಇದ್ದರು. ಅಲ್ಲಿ ಎಲ್ಲದಕ್ಕೂ ಎಲ್ಲಾ ಹೊಂದುತ್ತಿತ್ತು. ನೆಟ್‌ವರ್ಕ್ ಕ್ಯಾಮೆರಾ ಕೊಂಡ್ರೆ ಒಬ್ಬನ ಕೈಗೇ ಸಿಕ್ಕಿಹಾಕಿಕೊಳ್ತೀವಿ ಅನ್ನೋ ಭಯ ಹೋಗೋವರೆಗೂ ಯಾರ ವ್ಯಾಪಾರವೂ ಬೆಳೆಯೋ ಹಾಗಿರಲಿಲ್ಲ.

ಅದೇ ವರ್ಷ ಪಿಎಸ್‌ಐಎ ಅನ್ನೋ ಇನ್ನೊಂದು ಒಕ್ಕೂಟವೂ ಹುಟ್ಟಿತು. ಭಾಷೆ ಒಂದಾಗಲಿ ಅಂತ ಹೊರಟವರೇ ಎರಡು ಭಾಷೆ ಮಾಡಿದರು! ಕೊನೆಗೆ ಕ್ಯಾಮೆರಾಗಳ ಲೋಕದಲ್ಲಿ ಗೆದ್ದಿದ್ದು ಆನ್‌ವಿಫ್.

ಗೆಲುವು ಸಲೀಸಾಗಿ ಬರಲಿಲ್ಲ. ಮೊದಮೊದಲು ಎರಡೂ ಕಡೆ ಆನ್‌ವಿಫ್ ಅಂತಿದ್ರೂ ಹೊಂದುತ್ತಿರಲಿಲ್ಲ. ಒಬ್ಬರು ಒಂದು ಆವೃತ್ತಿ, ಇನ್ನೊಬ್ಬರು ಇನ್ನೊಂದು. ಅದಕ್ಕೆ ಮದ್ದು ‘ಪ್ರೊಫೈಲ್’: ಈ ಅಕ್ಷರ ಹಾಕಿಕೊಂಡವರು ಇಷ್ಟು ಕೆಲಸ ಮಾಡಲೇಬೇಕು ಅನ್ನೋ ಪಟ್ಟಿ. 2011ರ ‘ಎಸ್’ ನೇರ ವಿಡಿಯೋಗೆ, 2014ರ ‘ಜಿ’ ರೆಕಾರ್ಡಿಂಗ್‌ಗೆ, 2018ರ ‘ಟಿ’ ಎಚ್.265 ಮತ್ತು ಭದ್ರವಾದ ಸ್ಟ್ರೀಮಿಂಗ್‌ಗೆ, 2021ರ ‘ಎಂ’ ಚಿತ್ರದೊಳಗೆ ಗುರುತಿಸಿದ ವಾಹನ, ಮನುಷ್ಯರ ಮಾಹಿತಿಗೆ. ಪರೀಕ್ಷೆ ಮುಗಿಸಿ ಪಟ್ಟಿ ಸೇರಿದ ಸಾಧನಗಳು 20,000 ದಾಟಿವೆ.

(6/7)
ಒಳಗೆ ನಡೆಯೋದು ಬಹಳ ಸರಳ. ರೆಕಾರ್ಡರ್ ಬೀದಿಯಲ್ಲಿ ನಿಂತು ಕೂಗೋ ಹಾಗೆ ಇಡೀ ನೆಟ್‌ವರ್ಕ್‌ಗೆ ಕೇಳುತ್ತೆ: ‘ಯಾರಾದ್ರೂ ಕ್ಯಾಮೆರಾ ಇದ್ದೀರಾ?’ ಇದ್ದವರು ‘ನಾನಿದ್ದೀನಿ’ ಅಂತ ವಿಳಾಸ ಕೊಡ್ತಾರೆ. ಆಮೇಲೆ ‘ನಿನ್ನ ಸ್ಟ್ರೀಮ್ ಎಲ್ಲಿದೆ?’ ಅನ್ನೋ ಪ್ರಶ್ನೆ. ಉತ್ತರವಾಗಿ ಬರೋದೇ ಆ ಬಾಲವಿರೋ ಆರ್‌ಟಿಎಸ್‌ಪಿ ವಿಳಾಸ. ಹತ್ತು ವರ್ಷ ಅಂತರದ ಎರಡು ಅರ್ಧಗಳು ಇಲ್ಲಿ ಸೇರಿದವು. (ಪ್ರಾಜೆಕ್ಟ್ ಮಾಡೋರಿಗೆ: ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗದಿದ್ರೆ ಕ್ಯಾಮೆರಾದ ಗಡಿಯಾರ ನೋಡಿ. ಲಾಗಿನ್ ಲೆಕ್ಕದಲ್ಲಿ ಸಮಯವೂ ಸೇರಿರುತ್ತೆ.)

ಆದರೆ ಒಂದೇ ಭಾಷೆ ಆಡೋರೆಲ್ಲ ಸಾಚಾ ಅಂತಲ್ಲ. 2016ರಲ್ಲಿ ‘ಮಿರಾಯ್’ ಅನ್ನೋ ದುಷ್ಟ ತಂತ್ರಾಂಶ ಕಂಪನಿ ಇಟ್ಟ ಪಾಸ್‌ವರ್ಡ್‌ಗಳನ್ನೇ ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳ ಒಳಗೆ ನುಗ್ಗಿತು. ಅಕ್ಟೋಬರ್ 21ರಂದು ಆ ಸೈನ್ಯ ಡಿನ್ ಅನ್ನೋ ಕಂಪನಿ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಅಮೆರಿಕದ ಎಷ್ಟೋ ಕಡೆ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಬರೆದವರು ಮೂವರು ಯುವಕರು. 2017ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಇಲ್ಲಿ ಮುರಿದದ್ದು ಆನ್‌ವಿಫ್ ಅಲ್ಲ, ಸೋಮಾರಿ ಪಾಸ್‌ವರ್ಡ್. ಆದರೆ 2019ರಲ್ಲಿ ಆ ‘ಯಾರಿದ್ದೀರಾ’ ಅನ್ನೋ ಕೂಗನ್ನೇ ದಾಳಿಕೋರರು ದುರುಪಯೋಗ ಮಾಡಿಕೊಂಡರು. ಮನೆಯೊಳಗೆ ಕೇಳಬೇಕಾದ ಪ್ರಶ್ನೆಗೆ ಇಂಟರ್‌ನೆಟ್‌ಗೆ ತೆರೆದಿಟ್ಟ ಸಾಧನಗಳು ಉತ್ತರ ಕೊಡ್ತಿದ್ದವು.

(7/7)
ಈಗ ಕಥೆ ಮತ್ತೆ ಹಳೇ ಜಾಗಕ್ಕೆ ಬರ್ತಿದೆ. ಕಂಪನಿಯ ಆ್ಯಪ್ ಮತ್ತು ಕ್ಲೌಡ್ ಮೂಲಕ ಮಾತ್ರ ಕೆಲಸ ಮಾಡೋ ಅಗ್ಗದ ವೈಫೈ ಕ್ಯಾಮೆರಾಗಳಲ್ಲಿ ಎಷ್ಟೋ ಆನ್‌ವಿಫ್ ಮಾತಾಡಲ್ಲ. ಅಮೆಜಾನ್ ತನ್ನ ‘ಕ್ಲೌಡ್ ಕ್ಯಾಮ್’ ಸೇವೆಯನ್ನ 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಾಗ ಚೆನ್ನಾಗಿದ್ದ ಕ್ಯಾಮೆರಾಗಳೂ ಗೋಡೆ ಮೇಲಿನ ಗೊಂಬೆಗಳಾದವು.

ನಮಗೆ ಇದು ದೂರದ ಮಾತಲ್ಲ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಹೆಚ್ಚು ಜನ ಸೇರೋ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನದ ದೃಶ್ಯ ಉಳಿಸಬೇಕು. ಅಂದ್ರೆ ಮಾಲು, ಆಸ್ಪತ್ರೆ, ಕಾಲೇಜು ಎಲ್ಲೆಡೆ ನಾವು ದಿನಾ ರೆಕಾರ್ಡ್ ಆಗ್ತಿದ್ದೀವಿ. ಕೇಂದ್ರ ಸರ್ಕಾರವೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಹೊಂದಾಣಿಕೆ ಒಂದು ಪ್ರಶ್ನೆ, ಭದ್ರತೆ ಇನ್ನೊಂದು ಪ್ರಶ್ನೆ. ಎರಡನ್ನೂ ಕೇಳಬೇಕು.

ಮನೆಗೆ ಕ್ಯಾಮೆರಾ ತರ್ತಿದ್ರೆ ನಾಲ್ಕು ಮಾತು ನೆನಪಿಡಿ:
– ಡಬ್ಬದ ಮೇಲೆ ಬರೆದಿರೋದನ್ನ ನಂಬಬೇಡಿ, ಆನ್‌ವಿಫ್ ತಾಣದ ಪಟ್ಟಿಯಲ್ಲಿ ಮಾಡೆಲ್ ಹೆಸರು ಹುಡುಕಿ.
– ಯಾವ ಪ್ರೊಫೈಲ್ ಅಂತ ಕೇಳಿ. ‘ಟಿ’ ಇದ್ದರೆ ಒಳ್ಳೇದು.
– ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ.
– ಇಂಟರ್‌ನೆಟ್ ಇಲ್ಲದಿದ್ರೂ ರೆಕಾರ್ಡ್ ಆಗುತ್ತಾ ಅಂತ ಪರೀಕ್ಷಿಸಿ.

ನಿಮ್ಮ ಮನೆ ಕ್ಯಾಮೆರಾ ಯಾವ ಪ್ರೊಫೈಲ್? ನೋಡಿ ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ಸರಣಿ: ಎಚ್.264 ಇಷ್ಟು ದೊಡ್ಡ ವಿಡಿಯೋನ ಇಷ್ಟು ಚಿಕ್ಕದು ಮಾಡೋದು ಹೇಗೆ?

#ಕನ್ನಡದಲ್ಲಿ_ತಂತ್ರಜ್ಞಾನ #ಆನ್‌ವಿಫ್ #ಸಿಸಿಟಿವಿ #ತಂತ್ರಜ್ಞಾನದ_ಇತಿಹಾಸ