ಶುದ್ಧ ಗಾಳಿಯ ಹೆಸರಿನಲ್ಲಿ ಓಝೋನ್

ಸಿಡಿಲು ಬಡಿದಾಗ, ಹಳೆಯ ಝೆರಾಕ್ಸ್ ಯಂತ್ರ ಬಿಡುವಿಲ್ಲದೆ ಓಡಿದಾಗ ಮೂಗಿಗೆ ಅಡರುವ ಚುರುಕು ವಾಸನೆ ಓಝೋನಿನದು. ಅದು ಪ್ರತ್ಯೇಕ ವಸ್ತುವೊಂದರ ವಾಸನೆ ಎಂದು ಬಾಸೆಲ್ ನಗರದ ರಸಾಯನವಿಜ್ಞಾನಿ ಕ್ರಿಶ್ಚಿಯನ್ ಶೋನ್‌ಬೈನ್ 1839ರಲ್ಲಿ ಗುರುತಿಸಿದರು. ಮುಂದೆ 1906ರಲ್ಲಿ ಫ್ರಾನ್ಸಿನ ನೀಸ್ ನಗರ ಕುಡಿಯುವ ನೀರನ್ನು ಓಝೋನಿನಿಂದ ಶುದ್ಧಗೊಳಿಸತೊಡಗಿತು. ನೀರಿನಲ್ಲಿ ರೋಗಾಣು ಕೊಲ್ಲುವ ಅನಿಲ ಗಾಳಿಯಲ್ಲೂ ಕೊಲ್ಲಬೇಕಲ್ಲವೇ ಎಂಬ ಆಸೆ ಹುಟ್ಟಿದ್ದು ಸಹಜ. ಲಂಡನ್ನಿನ ಸುರಂಗ ರೈಲು ಮಾರ್ಗವೊಂದರಲ್ಲಿ 1911ರ ಸುಮಾರಿಗೆ ಓಝೋನ್ ಬೆರೆಸಿದ ಗಾಳಿಯನ್ನು ನಿಲ್ದಾಣಗಳಿಗೆ ಹಾಯಿಸಿದರು. ಆದರೆ ನೀರಿನಲ್ಲಿ ಕೆಲಸ ಮುಗಿಸಿದ ಓಝೋನ್ ಅಲ್ಲೇ ಆಮ್ಲಜನಕವಾಗಿಬಿಡುತ್ತದೆ, ಯಾರ ಎದೆಗೂ ಇಳಿಯುವುದಿಲ್ಲ. ಗಾಳಿಗೆ ಬೆರೆಸಿದ್ದನ್ನು ನಾವು ಉಸಿರಾಡಲೇಬೇಕು.

ಈ ವ್ಯತ್ಯಾಸವನ್ನು ಶಿಕಾಗೋ ವಿಶ್ವವಿದ್ಯಾಲಯದ ಜೋರ್ಡನ್ ಮತ್ತು ಕಾರ್ಲ್ಸನ್ ಪ್ರಯೋಗ ಮಾಡಿ ತೋರಿಸಿದರು. ಅವರ ವರದಿ 1913ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಗಾಳಿಯಲ್ಲಿನ ಬ್ಯಾಕ್ಟೀರಿಯಾ ನಿಶ್ಚಿತವಾಗಿ ಸಾಯುವಷ್ಟು ಓಝೋನ್ ಬಿಟ್ಟರೆ ಪ್ರಾಣಿಗಳಿಗೇ ಗಂಭೀರ ಹಾನಿ. ದುರ್ವಾಸನೆ ಹೋದಂತೆ ಕಾಣುವುದು ಬಹುಮಟ್ಟಿಗೆ ಓಝೋನಿನ ವಾಸನೆ ಅದನ್ನು ಮುಚ್ಚುವುದರಿಂದ, ಮೂಗು ಮಂಕಾಗುವುದರಿಂದ. ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆಗೆ ಉತ್ತರ ಅಂದೇ ಸಿಕ್ಕಿತ್ತು. ಆಮೇಲಿನ ನೂರು ವರ್ಷ ಆ ಉತ್ತರವನ್ನು ಮತ್ತೆ ಮತ್ತೆ ಮರೆತ ಕಥೆ.

1950ರ ದಶಕದ ಆರಂಭದಲ್ಲಿ ರಸಾಯನವಿಜ್ಞಾನಿ ಏರಿ ಹಾಗೆನ್-ಸ್ಮಿತ್ ಲಾಸ್ ಏಂಜಲಿಸ್‌ನ ಕಣ್ಣುರಿಸುವ ಹೊಗೆಮಂಜಿನಲ್ಲಿ ಓಝೋನಿನ ಪಾತ್ರವನ್ನು ಬಿಡಿಸಿಟ್ಟರು. ಬೀದಿಯ ಗಾಳಿಯಲ್ಲಿ ಓಝೋನ್ ಮಾಲಿನ್ಯವಾಯಿತು, ಮನೆಯೊಳಗೆ ಮಾತ್ರ ಔಷಧಿಯಂತೆ ಮಾರಾಟವಾಗುತ್ತಲೇ ಇತ್ತು. ಆಲ್ಪೈನ್ ಇಂಡಸ್ಟ್ರೀಸ್ ಎಂಬ ಕಂಪನಿ ತನ್ನ ಓಝೋನ್ ಯಂತ್ರಗಳ ಬಗ್ಗೆ ಆಧಾರವಿಲ್ಲದ ಮಾತು ಆಡಬಾರದೆಂದು ಅಮೆರಿಕದ ವ್ಯಾಪಾರ ಆಯೋಗ 1995ರಲ್ಲಿ ಕಟ್ಟುಮಾಡಿತು. ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಶಾರ್ಪರ್ ಇಮೇಜ್ ಕಂಪನಿಯ ಅಯಾನಿಕ್ ಬ್ರೀಝ್ ಯಂತ್ರ ಗಾಳಿಯನ್ನು ಶುದ್ಧಗೊಳಿಸುವುದರಲ್ಲಿ ತೀರಾ ಹಿಂದೆ ಎಂದು ಬರೆದಾಗ ಕಂಪನಿ 2003ರಲ್ಲಿ ಪತ್ರಿಕೆಯ ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ ನ್ಯಾಯಾಲಯ ಅದನ್ನು ವಜಾ ಮಾಡಿತು. ಅಂಥ ಯಂತ್ರಗಳು ಓಝೋನ್ ಉಗುಳುವುದನ್ನೂ ಪತ್ರಿಕೆ 2005ರಲ್ಲಿ ಎತ್ತಿ ತೋರಿತು. ಧೂಳಿನ ಕಣಗಳಿಗೆ ವಿದ್ಯುದಾವೇಶ ಕೊಡುವ ಅಯಾನ್ ಯಂತ್ರ (ಅಯಾನೈಸರ್) ‘ಓಝೋನ್’ ಎಂಬ ಹೆಸರನ್ನೇ ಹೊತ್ತಿರುವುದಿಲ್ಲ, ಉಪಫಲವಾಗಿ ಅದನ್ನು ಹುಟ್ಟಿಸುತ್ತದೆ. ಕೊಳ್ಳುವವರಿಗೆ ತಿಳಿಯದೇ ಹೋಗುವುದು ಇಲ್ಲೇ.

ಕ್ಯಾಲಿಫೋರ್ನಿಯಾ 2006ರಲ್ಲಿ ಕಾನೂನು, 2007ರಲ್ಲಿ ನಿಯಮ ತಂದು, 2010ರಿಂದ ಹತ್ತು ಲಕ್ಷ ಭಾಗ ಗಾಳಿಗೆ 0.05 ಭಾಗಕ್ಕಿಂತ ಹೆಚ್ಚು ಓಝೋನ್ ಹೊಮ್ಮಿಸುವ ಮನೆಬಳಕೆಯ ಯಂತ್ರಗಳ ಮಾರಾಟವನ್ನು ತಡೆಯಿತು. ಭಾರತದ 2009ರ ಮಾನದಂಡದಲ್ಲೂ ಎಂಟು ಗಂಟೆಯ ಮಿತಿ ಘನಮೀಟರಿಗೆ 100 ಮೈಕ್ರೋಗ್ರಾಂ, ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ಹೊರಗಿನ ಗಾಳಿಗೆ. ಮಲಗುವ ಕೋಣೆಯ ಯಂತ್ರವನ್ನು ಅದು ಅಳೆಯುವುದಿಲ್ಲ.

ಓಝೋನ್ ನೀರಿನಲ್ಲಿ ಅಷ್ಟಾಗಿ ಕರಗದು. ಆದ್ದರಿಂದ ಮೂಗು, ಗಂಟಲಿನಲ್ಲಿ ಪೂರ್ತಿ ತಡೆಯಾಗದೆ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿನ ಒಳಪದರವನ್ನು ಕೆರಳಿಸುತ್ತದೆ. ಕೆಮ್ಮು, ಎದೆಬಿಗಿತ ಬರಬಹುದು, ಅಸ್ತಮಾ ಇದ್ದವರಿಗೆ ಅದು ಉಲ್ಬಣಿಸಬಹುದು. ಚಾರ್ಲ್ಸ್ ವೆಶ್ಲರ್ ಮೊದಲಾದವರು ಬೆಳೆಸಿದ ಒಳಾಂಗಣ ರಸಾಯನದ ಅಧ್ಯಯನ ಇನ್ನೊಂದು ಅಪಾಯವನ್ನು ಬೆಳಕಿಗೆ ತಂದಿತು. ನಿಂಬೆಯ ಪರಿಮಳದ ನೆಲ ಒರೆಸುವ ದ್ರವದಲ್ಲಿರುವ ಲಿಮೊನೀನ್‌ನಂಥ ವಸ್ತುಗಳೊಡನೆ ಓಝೋನ್ ಸೇರಿದರೆ ಫಾರ್ಮಾಲ್ಡಿಹೈಡ್, ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ನಮ್ಮ ಚರ್ಮದ ಜಿಡ್ಡಿನೊಡನೆಯೂ ಅದು ವರ್ತಿಸುತ್ತದೆ. ಗಾಳಿ ಶುದ್ಧಿಗೆಂದು ತಂದ ಯಂತ್ರ ಕೋಣೆಯಲ್ಲಿಲ್ಲದ ಮಾಲಿನ್ಯವನ್ನು ಹೊಸದಾಗಿ ತಯಾರಿಸುತ್ತದೆ ಎಂಬುದು ನನ್ನನ್ನು ಅತ್ಯಂತ ಕಳವಳಕ್ಕೀಡುಮಾಡುವ ಸಂಗತಿ. ಕೋವಿಡ್ ಕಾಲದಲ್ಲಿ ಭೀತಿಯ ಬೆನ್ನಿಗೇ ಅಯಾನ್ ಯಂತ್ರಗಳ ಮಾರಾಟ ಮರಳಿತು.

ಸುರಕ್ಷಿತ ದಾರಿ ಹೊಸದೇನಲ್ಲ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣಶೀಲ ಕಣ ತಡೆಯಲು ರೂಪುಗೊಂಡ ಹೆಪಾ ಫಿಲ್ಟರ್, ಹಿಡಿಯಲು ಅತಿ ಕಷ್ಟವಾದ 0.3 ಮೈಕ್ರಾನ್ ಗಾತ್ರದ ಕಣಗಳನ್ನೂ ಶೇ. 99.97ರಷ್ಟು ಹಿಡಿಯುತ್ತದೆ. ಗಾಳಿಗೆ ಅದು ಏನನ್ನೂ ಸೇರಿಸದು, ಇರುವ ಕಣಗಳನ್ನು ತೆಗೆಯುತ್ತದೆ ಅಷ್ಟೆ. ವಾಸನೆ ಮತ್ತು ಅನಿಲಗಳಿಗೆ ಸಕ್ರಿಯ ಇದ್ದಿಲು ಬೇಕು, ಅದೂ ತೆಳುಪದರವಾದರೆ ಸಾಲದು. 2020ರಲ್ಲಿ ರಿಚರ್ಡ್ ಕೊರ್ಸಿ, ಜಿಮ್ ರೋಸೆಂತಾಲ್ ಇಬ್ಬರ ಆಲೋಚನೆಯಿಂದ ಬಂದ, ಮನೆಯಲ್ಲೇ ಕಟ್ಟಬಹುದಾದ ಗಾಳಿ ಶೋಧಕ ಪೆಟ್ಟಿಗೆಯಲ್ಲಿ ನಾಲ್ಕೈದು ಫಿಲ್ಟರುಗಳನ್ನು ಟೇಪಿನಿಂದ ಜೋಡಿಸಿ ಮೇಲೊಂದು ಫ್ಯಾನ್ ಇಟ್ಟರಾಯಿತು. ಇವೆಲ್ಲಕ್ಕೂ ಮೊದಲು ಹೊಗೆಯ ಮೂಲವನ್ನು ಕಡಿಮೆ ಮಾಡುವುದು, ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್, ಹೊರಗಿನ ಗಾಳಿ ಚೆನ್ನಾಗಿರುವ ಹೊತ್ತಿನಲ್ಲಿ ಕಿಟಕಿ ತೆರೆಯುವುದು.

ಕೊಳ್ಳುವಾಗ ನಿಮಿಷಕ್ಕೆ ಎಷ್ಟು ಗಾಳಿಯನ್ನು ಶೋಧಿಸುತ್ತದೆ, ನಿಮ್ಮ ಕೋಣೆಗೆ ಸಾಕೇ ಎಂದು ಕೇಳಿ. ‘ಸಕ್ರಿಯ ಆಮ್ಲಜನಕ’, ‘ಪ್ಲಾಸ್ಮಾ’ ಎಂಬ ಮಾತು ಕಂಡರೆ ಓಝೋನ್ ಎಷ್ಟೆಂದು ಬರಹದಲ್ಲೇ ಕೇಳಿ. ಮನೆಯಲ್ಲಿ ಈಗಾಗಲೇ ಇರುವ ಹೆಪಾ ಯಂತ್ರಕ್ಕೆ ಅಯಾನೈಸರ್ ಗುಂಡಿ ಬೇರೆಯಾಗಿದ್ದರೆ ಅದನ್ನು ಆರಿಸಿಡಿ. ಫಿಲ್ಟರ್ ಅದಿಲ್ಲದೆಯೂ ತನ್ನ ಕೆಲಸ ಮಾಡುತ್ತದೆ.