ದುರಸ್ತಿಯ ಕಾಲಕ್ರಮ: ಮೈಸೂರಿನ ದೇವರಾಜ ಮಾರುಕಟ್ಟೆಯ ನಿದರ್ಶನ

ಹಳೆಯ ಕಟ್ಟಡವನ್ನು ಉಳಿಸಬೇಕೆ, ಕೆಡವಿ ಕಟ್ಟಬೇಕೆ ಎಂಬ ಚರ್ಚೆ ಮೈಸೂರಿನಲ್ಲಿ ಬಹುಮಟ್ಟಿಗೆ ಗೋಡೆಯ ಬಲಾಬಲದ ಸುತ್ತಲೇ ನಡೆದಿದೆ. ಗೋಡೆಗಿಂತ ಮೊದಲು ಕೇಳಬೇಕಾದದ್ದು ಕಾಮಗಾರಿಯ ಅನುಕ್ರಮವನ್ನು ಎಂಬುದು ಈ ಲೇಖನದ ವಾದ.

ವೈಸ್‌ರಾಯ್ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ಬಳಿಕ, ಅದೇ ಆಗಸ್ಟ್‌ನಲ್ಲಿ, ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. ಆಗ ಅಲ್ಲಿ ನವೀಕರಣ ನಡೆಯುತ್ತಿತ್ತು. ಸಂಶೋಧಕರ ಗಮನ ನಿಲ್ಲಬೇಕಾದದ್ದು ಈ ಎರಡನೆಯ ಘಟನೆಯ ಮೇಲೆ.

ಸುಣ್ಣದ ಗಾರೆಯ ಕಟ್ಟಡದಲ್ಲಿ ಕಮಾನುಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಒಂದನ್ನು ಬಿಚ್ಚಿದರೆ ಪಕ್ಕದ್ದು ಅತ್ತ ವಾಲುತ್ತದೆ. ಆದ್ದರಿಂದ ಮೊದಲು ಆಸರೆಯ ಕಂಬ, ಆಮೇಲೆ ತಾರಸಿಯ ನೀರಿಗೆ ದಾರಿ, ಅದಾದ ಮೇಲೆಯೇ ಗೋಡೆಗೆ ಕೈ. ಹಳೆಯ ಗೋಡೆ ಒಳಗಿನ ತೇವವನ್ನು ಹೊರಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಪುಡಿಯಾಗುತ್ತದೆ. ಸುಣ್ಣವಾದರೋ ಗಾಳಿ ಕುಡಿದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಡುತ್ತದೆ. ಮಾರ್ಚ್ ಮುಗಿಯುವುದರೊಳಗೆ ಬಿಲ್ ಆಗಬೇಕೆನ್ನುವ ಲೆಕ್ಕಪತ್ರಕ್ಕೂ ಅದಕ್ಕೂ ಹೊಂದಾಣಿಕೆಯಿಲ್ಲ. ಕಡಿಮೆ ದರ ಕೂಗಿದವನಿಗೇ ಕೆಲಸ ಕೊಡುವ ಟೆಂಡರಿನಲ್ಲಿ, ಸುಣ್ಣ ಕೊಳೆಹಾಕಿ ಹದ ನೋಡಬಲ್ಲ ಗಾರೆಯವನ ಕೈಗೆ ಬೆಲೆ ಕಟ್ಟುವ ಕಲಮೇ ಇರುವುದು ಅಪರೂಪ.

ಇನ್ನು ವ್ಯಾಪಾರಿಗಳ ಮಾತು. ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ನೂರಾರು ಮಳಿಗೆಗಳಿರುವ ಜಾಗವಿದು. ತಾತ್ಕಾಲಿಕ ಜಾಗ ಮೊದಲೇ ಗೊತ್ತಾಗದೆ ಯಾರೂ ಮಳಿಗೆ ಖಾಲಿ ಮಾಡುವುದಿಲ್ಲ, ಮಾಡಬೇಕೆನ್ನುವುದೂ ನ್ಯಾಯವಲ್ಲ. ಒಮ್ಮೆ ಎದ್ದವರು ಮತ್ತೆ ಅದೇ ಬಾಡಿಗೆಗೆ ಅಲ್ಲೇ ಕೂರುತ್ತಾರೆಂಬ ಲಿಖಿತ ಭರವಸೆ ಯೋಜನೆಯ ಮೊದಲ ಪುಟದಲ್ಲಿರಬೇಕು, ಅನುಬಂಧದಲ್ಲಲ್ಲ.

ಈ ಮಾರುಕಟ್ಟೆಯ ವಿಷಯದಲ್ಲಿ ತಜ್ಞರೂ ಒಮ್ಮತಕ್ಕೆ ಬರಲಿಲ್ಲ. ಪರಂಪರೆಯ ಸಂರಕ್ಷಣೆಗೆ ದುಡಿಯುವ ಸಂಸ್ಥೆಯಾದ ಇಂಟ್ಯಾಕ್‌ನವರು ದುರಸ್ತಿ ಸಾಧ್ಯವೆಂದರು. ಕೆಡವುವುದೇ ಕ್ಷೇಮವೆಂದವರೂ ಇದ್ದರು. ಒಂದೇ ಗೋಡೆಯ ಬಗ್ಗೆ ಎರಡು ತೀರ್ಪು ಬರುವುದು ವಿಚಿತ್ರವೇನಲ್ಲ. ಪ್ರತಿ ಬಿರುಕಿನ ಅಗಲ, ಪ್ರತಿ ತೊಲೆಯ ಸ್ಥಿತಿಯನ್ನು ವರ್ಷವರ್ಷ ಬರೆದಿಟ್ಟ ದಾಖಲೆ ಕೈಯಲ್ಲಿದ್ದರೆ ವಾದ ಅಭಿಪ್ರಾಯದಿಂದ ಅಳತೆಗೆ ಇಳಿಯುತ್ತದೆ. ಯಾವುದೇ ಪಾರಂಪರಿಕ ಪೇಟೆಯಲ್ಲಿ ಟೆಂಡರ್ ಕರೆಯುವ ಮುನ್ನ ಅಂಥ ಸ್ಥಿತಿ ಸಮೀಕ್ಷೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಮಳಿಗೆಯವರ ಕೈಗೂ ಒಂದೊಂದು ಪ್ರತಿ ಕೊಡಬೇಕು.