ಬುತ್ತಿಯ ಮರ್ಯಾದೆ: ಕಳಸ-ಹೊರನಾಡಿನ ಘಟ್ಟದಾರಿ ಮತ್ತು ಶ್ರಾವಕನ ಪಾಥೇಯ

ತಿಂಗಳ ಕೊನೆಗೆ ಕೈಸೇರುವ ವೇತನವನ್ನು ಕನ್ನಡಿಗರು ‘ಸಂಬಳ’ವೆಂದು ಕರೆಯುತ್ತಾರೆ. ಸಂಸ್ಕೃತದ ‘ಶಂಬಲ’ದಿಂದ ಬಂದ ಈ ಪದದ ಮೊದಲ ಅರ್ಥ ದಾರಿಯ ಬುತ್ತಿ, ಪಯಣಕ್ಕೆ ಬೇಕಾದ ಆಹಾರ ಸಾಮಗ್ರಿ. ‘ಪಾಥೇಯ’ ಎಂಬುದೂ ಪಥಕ್ಕೆ ಸಂಬಂಧಿಸಿದ ಪದವೇ. ‘ಬುತ್ತಿ’ಯು ‘ಭುಕ್ತಿ’ಯ ತದ್ಭವ. ಒಂದೇ ವಸ್ತುವಿಗೆ ಮೂರು ಹೆಸರುಗಳು ಉಳಿದುಬಂದಿರುವುದೇ ಹಿಂದಿನವರ ಬದುಕಿನಲ್ಲಿ ಅದಕ್ಕಿದ್ದ ಮಹತ್ತ್ವಕ್ಕೆ ಸಾಕ್ಷಿ. ಆದರೂ ಇತಿಹಾಸ ಬರೆಯುವವರು ದಾನಶಾಸನಗಳನ್ನು ಓದಿದಷ್ಟು ಆಸಕ್ತಿಯಿಂದ ದಾರಿಹೋಕನ ಗಂಟನ್ನು ಬಿಚ್ಚಿ ನೋಡಿದವರಲ್ಲ.

ಈ ಗಂಟಿನ ಚರಿತ್ರೆಯನ್ನು ಅರಿಯಲು ಕಳಸ-ಹೊರನಾಡಿನ ಸೀಮೆ ತಕ್ಕ ಸ್ಥಳ. ಹೊಂಬುಜದ ಸಾಂತರರ ಪರಂಪರೆಯಿಂದ ಬಂದ ಜೈನ ಭೈರರಸರು ಘಟ್ಟದ ಮೇಲಿನ ಕಳಸವನ್ನೂ ಘಟ್ಟದ ಕೆಳಗಿನ ಕಾರ್ಕಳವನ್ನೂ ಒಟ್ಟಿಗೆ ಆಳಿದವರು. 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನೂ 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರವನೂ ಇದೇ ಮನೆತನದವರು. ಅದೇ ಅರಸರ ಆಶ್ರಯ ಕಳಸದ ಕಳಸೇಶ್ವರನಿಗೂ ದೊರೆತಿತ್ತು. ಇಂಥ ರಾಜ್ಯದ ಎರಡು ಭಾಗಗಳನ್ನು ಬೆಸೆದದ್ದು ಕಡಿದಾದ ಕಾಡುದಾರಿ. ಕರಾವಳಿಯ ಉಪ್ಪು ಮೇಲೇರಿತು. ಮಲೆನಾಡಿನ ಮೆಣಸು, ಏಲಕ್ಕಿ, ಅಡಕೆ ಕೆಳಗಿಳಿದವು. ಹೇರೆತ್ತುಗಳೊಡನೆ ನಡೆಯುವವನಿಗೆ ಸರಕಿನ ಭಾರವೇ ಸಾಕಷ್ಟಿರುವಾಗ ಹೊಟ್ಟೆಗೆಂದು ಏನನ್ನು, ಎಷ್ಟನ್ನು ಒಯ್ಯಬೇಕೆಂಬುದು ಸಣ್ಣ ಪ್ರಶ್ನೆಯಾಗಿರಲಿಲ್ಲ.

ಶ್ರಾವಕನಿಗಂತೂ ಈ ಪ್ರಶ್ನೆ ಇನ್ನಷ್ಟು ಬಿಗಿಯಾದುದು. ಬುತ್ತಿ ತೀರಿದಾಗ ಕಾಡು ಕೊಡುವುದು ಜೇನು, ಗೆಡ್ಡೆಗೆಣಸು, ಅತ್ತಿಯಂಥ ಹಣ್ಣುಗಳು. ಇವೆಲ್ಲವೂ ಅವನಿಗೆ ನಿಷಿದ್ಧ. ಅಮೃತಚಂದ್ರರ ‘ಪುರುಷಾರ್ಥಸಿದ್ಧ್ಯುಪಾಯ’ ಮದ್ಯ ಮಾಂಸಗಳೊಡನೆ ಜೇನನ್ನೂ, ಆಲ, ಅರಳಿ, ಅತ್ತಿ ಮೊದಲಾದ ಪಂಚೋದುಂಬರ ಫಲಗಳನ್ನೂ ತ್ಯಜಿಸಬೇಕೆನ್ನುತ್ತದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಹಸಿಶುಂಠಿ, ಮೂಲಂಗಿಗಳನ್ನು ವರ್ಜ್ಯವೆಂದು ಹೇಳುತ್ತದೆ. ಹೆಸರು ತಿಳಿಯದ ಹಣ್ಣನ್ನು ತಿನ್ನಬಾರದೆಂಬ ‘ಅಜ್ಞಾತಫಲ’ದ ನಿಯಮವೂ ಇದೆ. ವ್ರತವನ್ನು ಪಾಲಿಸುವವನು ಹಸಿದಾಗಲೂ ಕಾಡಿಗೆ ಕೈಚಾಚಲಾರ. ಅವನ ವ್ರತ ಉಳಿಯುವುದೂ ಮುರಿಯುವುದೂ ಹೊರಡುವ ಮುನ್ನ ಮನೆಯಲ್ಲಿ ಕಟ್ಟಿದ ಗಂಟಿನ ಮೇಲೆ ನಿಂತಿತ್ತು.

ಆ ಗಂಟಿಗೂ ಕಾಲದ ಮಿತಿಯುಂಟು. ದಿಗಂಬರ ಶ್ರಾವಕರ ಆಚಾರದಲ್ಲಿ ಇದಕ್ಕೆ ‘ಮರ್ಯಾದೆ’ ಎಂದು ಹೆಸರು. ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ನೀರು ಸೇರಿಸದೆ ಕಟ್ಟಿದ ಉಂಡೆಗೂ ಹಿಟ್ಟಿನಷ್ಟೇ ಅವಧಿ. ಅನ್ನ, ಬೇಳೆಗಳಿಗೆ 2 ಜಾವ, ಅಂದರೆ 6 ಗಂಟೆ. ಸೋಸಿದ ನೀರಿಗೆ 1 ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಅವಧಿ ಮೀರಿದ ಆಹಾರದಲ್ಲಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಅದನ್ನು ಉಂಡರೆ ಹಿಂಸೆಯಾಗುತ್ತದೆ ಎಂಬುದು ಈ ನಿಯಮಗಳ ತಾತ್ತ್ವಿಕ ಆಧಾರ.

ಈ ಲೆಕ್ಕವನ್ನು ಘಟ್ಟದ ದಾರಿಗೆ ಹಚ್ಚಿ ನೋಡಿದರೆ ಅದರ ವ್ಯಾವಹಾರಿಕ ಜಾಣ್ಮೆ ಕಾಣುತ್ತದೆ. ಮೊಸರನ್ನದ ಬುತ್ತಿ ಹೊರಟ ದಿನದ ಮೊದಲ ಊಟಕ್ಕೆ ಮಾತ್ರ. ಮುಂದಿನ ದಿನಗಳಿಗೆ ನೀರಿನಂಶವಿಲ್ಲದ ಹುರಿಹಿಟ್ಟು, ಬೆಲ್ಲದ ಉಂಡೆಗಳೇ ತಕ್ಕವು. ಅವು ಹಗುರ, ಒಲೆಯನ್ನೂ ಬೇಡವು. ಬಿಸಿಲೇ ಕಾಣದ ಮಲೆನಾಡಿನ ಆಷಾಢದಲ್ಲಿ ಹಿಟ್ಟು ಬೇಗನೆ ಮುಗ್ಗುತ್ತದೆ. ಆಗ ಇಡಿಯ ಅಕ್ಕಿಯನ್ನು ಹೊತ್ತು ದಾರಿಯಲ್ಲಿ ಬೇಯಿಸಿಕೊಳ್ಳುವುದೇ ಉಳಿದ ಉಪಾಯ. ರಾತ್ರಿಭೋಜನ ತ್ಯಾಗ ಮಾಡಿದವನು ಸೂರ್ಯಾಸ್ತದೊಳಗೆ ಒಲೆ ಹೂಡಿ ಉಂಡು ಮುಗಿಸಬೇಕಾದುದರಿಂದ ಅಂದಿನ ನಡಿಗೆಯೂ ಮೊಟಕಾಗುತ್ತದೆ. ಹೀಗೆ ಬುತ್ತಿಯ ಆಯ್ಕೆ ದಾರಿಯ ವೇಗವನ್ನೇ ನಿರ್ಣಯಿಸುತ್ತದೆ.

ಇದೇ ಪರಂಪರೆಯ ಇನ್ನೊಂದು ತುದಿಯಲ್ಲಿ ಮುನಿ ನಿಲ್ಲುತ್ತಾನೆ. ಅವನ ಕೈಯಲ್ಲಿ ಪಿಂಛಿ, ಕಮಂಡಲುಗಳಲ್ಲದೆ ಬುತ್ತಿಯಿಲ್ಲ. ಶ್ರಾವಕನು ತನಗಾಗಿ ಶುದ್ಧವಾಗಿ ಅಟ್ಟದ್ದರಲ್ಲಿ ಒಂದು ಪಾಲನ್ನು ದಿನಕ್ಕೊಮ್ಮೆ ಅಂಗೈಯಲ್ಲಿ ಸ್ವೀಕರಿಸುವುದೇ ಅವನ ಆಹಾರ. ಶ್ವೇತಾಂಬರ ಆಗಮವಾದ ‘ಉತ್ತರಾಧ್ಯಯನ ಸೂತ್ರ’ದ 19ನೆಯ ಅಧ್ಯಯನದಲ್ಲಿ ಮೃಗಾಪುತ್ರನು ದೀಕ್ಷೆಗೆ ಅನುಮತಿ ಬೇಡುತ್ತ ಬಳಸುವ ಹೋಲಿಕೆಯೂ ಪಾಥೇಯದ್ದೇ: ಬುತ್ತಿಯಿಲ್ಲದೆ ದೂರ ಹೊರಟವನು ಹಸಿವೆ ನೀರಡಿಕೆಗಳಿಂದ ಬಳಲುವಂತೆ ಧರ್ಮವಿಲ್ಲದೆ ಪರಲೋಕಕ್ಕೆ ಹೊರಟವನೂ ಬಳಲುತ್ತಾನೆ. ಕೇಳುಗರೆಲ್ಲರಿಗೂ ದಾರಿಯ ಹಸಿವು ಗೊತ್ತಿದ್ದುದರಿಂದಲೇ ಈ ಹೋಲಿಕೆ ನಾಟುತ್ತದೆ.

ಕನ್ನಡ ಕಾವ್ಯವಾದರೋ ಅರಸನ ಹರಿವಾಣದತ್ತ ಹೆಚ್ಚು ನೋಡಿತು. ರತ್ನಾಕರವರ್ಣಿಯ ‘ಭರತೇಶ ವೈಭವ’ ಚಕ್ರವರ್ತಿಯ ಭೋಜನವನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಕಲ್ಲಹಳ್ಳಿಯ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಹಿಟ್ಟಿನ ತಿನಿಸು, ಪಾನಕ, ಅನ್ನ, ಕಾಯಿಪಲ್ಯಗಳ ಪಾಕವನ್ನು ಷಟ್ಪದಿಯಲ್ಲಿ ಕಲಿಸುತ್ತದೆ. ಹೇರೆತ್ತಿನವನ ಗಂಟಿಗೆ ಅಂಥ ಕವಿ ದೊರೆಯಲಿಲ್ಲ. ಅದರ ಚರಿತ್ರೆಯನ್ನು ಪದಕೋಶದಲ್ಲಿಯೂ ಆಚಾರಗ್ರಂಥಗಳಲ್ಲಿಯೂ ಹುಡುಕಬೇಕಾಗಿದೆ.

ಭದ್ರೆಯ ಆಚೆಗಿನ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿ ಬಂದವರೆಲ್ಲರಿಗೂ ಅನ್ನ ಬಡಿಸುತ್ತದೆ. 1973ರಲ್ಲಿ ಪುನಃಪ್ರತಿಷ್ಠೆಗೊಂಡ ಈ ಕ್ಷೇತ್ರಕ್ಕೆ ಹೋಗುವವರು ಬುತ್ತಿ ಕಟ್ಟಬೇಕಾಗಿಲ್ಲ. ಅಲ್ಲಿ ವಿಶೇಷವೆನಿಸುವ ಅಕ್ಷಯ ತದಿಗೆಯೇ ಶ್ರೇಯಾಂಸನು ವೃಷಭನಾಥನಿಗೆ ಕಬ್ಬಿನ ಹಾಲನ್ನಿತ್ತು ಆಹಾರದಾನಕ್ಕೆ ಮೊದಲಿಟ್ಟ ದಿನವೆಂಬುದು ಜೈನರ ನಂಬಿಕೆ. ಮಳೆಗಾಲದಲ್ಲಿ ಹೆಬ್ಬಾಳೆಯ ಸೇತುವೆ ಮುಳುಗಿ ಕಳಸ-ಹೊರನಾಡುಗಳ ನೇರ ಸಂಪರ್ಕ ಕಡಿದುಹೋದ ಸಂದರ್ಭಗಳು ಹಲವು. ದಾನಿಯ ಅನ್ನವು ದಾರಿಯ ಕೊನೆಯಲ್ಲಿರುತ್ತದೆ, ದಾರಿಯ ನಡುವಿನ ಹಸಿವಿಗೆ ಬುತ್ತಿಯೇ ಗತಿ ಎಂಬ ಹಳೆಯ ಮಾತು ಆಗ ಮತ್ತೆ ನಿಜವಾಗುತ್ತದೆ.

ಇಂದು ಸಂಸೆಯ ಬಳಿಯ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಚಾರಣ ಹೊರಡುವವರ ಬೆನ್ನಚೀಲದಲ್ಲಿಯೂ ಬುತ್ತಿಯಿರುತ್ತದೆ. ಅದು ಎಂದಿನವರೆಗೆ ಉಣ್ಣಲು ಯೋಗ್ಯವೆಂಬುದನ್ನು ಕಾರ್ಖಾನೆಯವರು ಪೊಟ್ಟಣದ ಮೇಲೆ ಮುದ್ರಿಸಿರುತ್ತಾರೆ. ಒಂದು ಕಾಲದಲ್ಲಿ ಆ ದಿನಾಂಕವು ಬುತ್ತಿ ಕಟ್ಟುವ ಗೃಹಿಣಿಯ ನೆನಪಿನಲ್ಲಿತ್ತು. ಋತು, ತೇವ, ದಾರಿಯ ದೂರ, ಉಣ್ಣುವವನ ವ್ರತ ಎಲ್ಲವನ್ನೂ ತೂಗಿ ಅವಳು ಗಂಟು ಹಾಕುತ್ತಿದ್ದಳು. ‘ಸಂಬಳ’ವೆಂಬ ಪದದಿಂದ ದಾರಿ ಜಾರಿಹೋದಂತೆ ಆ ಅರಿವೂ ಮನೆಗಳಿಂದ ಜಾರುತ್ತಿದೆ. ಮರ್ಯಾದೆಯ ಲೆಕ್ಕವನ್ನು ಇನ್ನೂ ಬಾಯಲ್ಲಿ ಹೇಳಬಲ್ಲ ಹಿರಿಯರು ಮಲೆನಾಡಿನ, ತುಳುನಾಡಿನ ಜೈನ ಮನೆಗಳಲ್ಲಿರುವಾಗಲೇ ಅದನ್ನು ಕೇಳಿ ಬರೆದಿಡುವುದು ಸಂಶೋಧಕರ ಮುಂದಿರುವ ಕೆಲಸ.